ಒಂದು ಮಾತಿಗೆ ಎಷ್ಟು ಚಿತ್ರ ಬೇಕು

ರನ್ನ ಬೆಳಗಲಿಯಲ್ಲಿರುವ ನಮ್ಮ ಸೋದರತ್ತೆಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ ಅದು. ಮೂವತ್ತರ ಆಸುಪಾಸಿನಲ್ಲಿ ಒಂದು ಕೆಟ್ಟ ಜ್ವರ ಬಂದು ಇಪ್ಪತ್ತು ದಿನ ಮಲಗಿದ್ದಳಂತೆ. ಎದ್ದು ಕೂತಾಗ ಎದುರಿಗಿದ್ದವರ ಬಾಯಿ ಆಡುತ್ತಿದ್ದವು, ಸಪ್ಪಳ ಇರಲಿಲ್ಲ. ಆವತ್ತಿನಿಂದ ಆಕೆ ಮಂದಿಯ ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತಳು. ಯಾರೂ ಹೇಳಿಕೊಡಲಿಲ್ಲ. ಈಗ ಎಪ್ಪತ್ತು ದಾಟಿದ್ದಾಳೆ. ಕಟ್ಟೆಯ ಮೇಲೆ ಕೂತು ರಸ್ತೆಯ ಆಚೆ ನಿಂತವರ ಮಾತನ್ನೂ ಹಿಡಿಯುತ್ತಾಳೆ. ಅದು ಓಣಿಗೆಲ್ಲ ಗೊತ್ತು. ಗುಟ್ಟಿನ ಮಾತಿದ್ದರೆ ಹೆಂಗಸರು ಬಾಯಿಗೆ ಸೆರಗು ಹಿಡಿದೇ ಆಡುತ್ತಾರೆ.

ಹೋದ ವರ್ಷ ಆಕೆಯ ಸೊಸೆ ಆಕೆಗೊಂದು ಟ್ಯಾಬ್ ತರಿಸಿಕೊಟ್ಟಳು. ಅತ್ತೆ ಅದರಲ್ಲಿ ಅಡುಗೆಯ ವಿಡಿಯೋ ನೋಡುತ್ತಾಳೆ, ಸುದ್ದಿ ನೋಡುತ್ತಾಳೆ. ಸುದ್ದಿ ಓದುವವರ ಬಗ್ಗೆ ಆಕೆಗೆ ತಕರಾರು ಬಹಳ. "ಈಕಿ ತುಟಿಗೆ ಬಣ್ಣ ಹಚ್ಚೂದ ನೋಡು, ಬಾಯಿ ಮಾತ್ರ ತೆರಿಯೂದಿಲ್ಲ," ಅನ್ನುತ್ತಾಳೆ.

ನಾನು ಬನಹಟ್ಟಿಯಲ್ಲಿರುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂದು ಭಾನುವಾರ ನೋಡಿಕೊಂಡು ಬರೋಣ ಅಂತ ಹೋದಾಗ ಅತ್ತೆ ಟ್ಯಾಬನ್ನು ನನ್ನ ತೊಡೆಯ ಮೇಲಿಟ್ಟು ಕೇಳಿದಳು.

"ನಿನ್ನ ಮದವಿ ವಿಡಿಯೋ ಇದರಾಗ ಹಾಕಿ ಕೊಡತೀಯೇನ? ನಮ್ಮಣ್ಣನ್ನ ನೋಡಬೇಕವ್ವಾ."

ಆಕೆಯ ಅಣ್ಣ ಅಂದರೆ ನಮ್ಮಪ್ಪ. ಬೀಳಗಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುತ್ತಿದ್ದ. ತೀರಿಕೊಂಡು ಆರು ವರ್ಷವಾಯಿತು. ಮಾತು ಕಡಿಮೆ ಮನುಷ್ಯ. ಫೋಟೋ ತೆಗೆಸಿಕೊಳ್ಳಲೂ ಒಲ್ಲೆ ಅನ್ನುತ್ತಿದ್ದ. ಅವನು ಅಲುಗಾಡುವ ಚಿತ್ರ ಅಂತ ಇದ್ದರೆ ನನ್ನ ಮದುವೆಯ ವಿಡಿಯೋದಲ್ಲಿ ಮಾತ್ರ.

ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಮನೆಯಲ್ಲಿದ್ದ ಸಿಡಿಗಳಿಗೆ ಬೂಸು ಹಿಡಿದಿತ್ತು. ಹೀಗಾಗಿ ಜಮಖಂಡಿಗೆ ಹೋಗಿ, ಅಂದು ವಿಡಿಯೋ ಮಾಡಿದ್ದ ಸ್ಟುಡಿಯೋದವರನ್ನೇ ಹುಡುಕಿದೆ. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಈಗ ಡ್ರೋನ್ ಹಾರಿಸುತ್ತಾರೆ. ಆದರೆ ಹಳೆಯ ಟೇಪುಗಳನ್ನು ಒಂದೂ ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದರು. ವಾರ ಬಿಟ್ಟು ಬರಲು ಹೇಳಿದರು. ಹೋದಾಗ ಒಂದು ಹಾರ್ಡ್ ಡಿಸ್ಕಿನಲ್ಲಿ ಹಾಕಿಕೊಟ್ಟರು.

"ಅಕ್ಕೋರ, ಟೇಪಿನ್ಯಾಗ ಹೆಂಗಿತ್ತೋ ಹಂಗ ತಗದೇನ್ರಿ. ಒಂದೂವರಿ ತಾಸಿಗೆ ಇಪ್ಪತ್ತು ಜಿಬಿ ಆಗೈತಿ. ಟ್ಯಾಬಿನ್ಯಾಗ ಆಡೂದಿಲ್ಲ ಅದು. ಸಣ್ಣ ಮಾಡಿ ಕೊಡ್ಲ್ಯಾ?"

"ಬ್ಯಾಡ್ರಿ, ನಾನ ಮಾಡಿ ನೋಡತೇನಿ," ಅಂದೆ. ಯಾಕೆ ಹಾಗೆ ಅಂದೆನೋ. ಗೊತ್ತಿಲ್ಲದ ಲೆಕ್ಕ ಎದುರಿಗೆ ಬಂದರೆ ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಹೊರಡುವಾಗ ಅವರು ಸಂಕೋಚದಿಂದ ಇನ್ನೊಂದು ಮಾತು ಹೇಳಿದರು. "ಮಾತು ಒಂದೂ ಇಲ್ರಿ ಅದರಾಗ. ತುಂಬ ಸಿನಿಮಾ ಹಾಡ ಹಾಕೇನಿ. ಆಗ ಹಂಗ ಇತ್ತು. ಮಂದಿ ಮಾತ ಇಟ್ರ ಬೈತಿದ್ರು."

ಅವರು ಹೇಳಿದ್ದು ಖರೆ. ಇಡೀ ಮದುವೆಯ ಮೇಲೆ ಹಾಡಿನ ಮೇಲೆ ಹಾಡು. ಯಾರು ಏನು ಅಂದರೂ ಅದರ ಕೆಳಗೆ ಮುಚ್ಚಿಹೋಗಿತ್ತು.

ಮೊದಲು ಆ ಫೈಲು ಇದ್ದಂತೆಯೇ ಟ್ಯಾಬಿಗೆ ಹಾಕಿದರೆ ಏನಾಗುತ್ತದೆ ನೋಡೋಣ ಅಂತ ಮೊದಲಿನ ಕಾಲು ತಾಸಿನ ತುಂಡು ಕತ್ತರಿಸಿ ಮೆಮೊರಿ ಕಾರ್ಡಿಗೆ ಹಾಕಿ, ನನ್ನ ಮಗಳ ಟ್ಯಾಬಿನಲ್ಲಿ ಆಡಿಸಿದೆ. ಹಾಡು ಸರಾಗವಾಗಿ ಹರಿಯಿತು. ಚಿತ್ರ ಮಾತ್ರ ನಿಂತು ನಿಂತು ಬಂತು. ನಮ್ಮವ್ವ ಅಕ್ಕಿಕಾಳು ಹಿಡಿದ ಕೈ ಮೇಲೆತ್ತಿದ್ದಳು. ಮರುಕ್ಷಣ ಕೈ ಕೆಳಗಿತ್ತು, ಕಾಳು ನನ್ನ ತಲೆಯ ಮೇಲಿದ್ದವು. ನಡುವಿನದು ಇಲ್ಲವೇ ಇಲ್ಲ. ನನ್ನ ಗಂಡ ನಕ್ಕು, "ಇರಲಿ ಬಿಡು, ಹಾಡರ ಛಲೋ ಕೇಳತೈತಿ," ಅಂದರು. ಅತ್ತೆಗೆ ಹಾಡು ಯಾತಕ್ಕೆ?

ಹೀಗೇಕಾಗುತ್ತದೆ ಅಂತ ಓದಿದೆ. ತಿಳಿದದ್ದು ಇಷ್ಟು: ಟೇಪಿನಿಂದ ಬಂದ ಫೈಲಿನಲ್ಲಿ ಪ್ರತಿಯೊಂದು ಚಿತ್ರವೂ ಪೂರ್ತಿಯಾಗಿ, ಹೆಚ್ಚು ಒತ್ತದೆ ಇಡಲ್ಪಟ್ಟಿರುತ್ತದೆ. ಅಷ್ಟು ದೊಡ್ಡ ಹೊರೆಯನ್ನು ಕ್ಷಣಕ್ಷಣಕ್ಕೆ ಕಾರ್ಡಿನಿಂದ ಎತ್ತಿ ಬಿಡಿಸಿ ತೋರಿಸಲು ಟ್ಯಾಬಿಗೆ ಆಗುವುದಿಲ್ಲ. ಹಿಂದೆ ಬಿದ್ದಾಗ ಅದು ಧ್ವನಿಯನ್ನು ಉಳಿಸಿಕೊಂಡು ಚಿತ್ರಗಳನ್ನು ಬಿಟ್ಟುಬಿಡುತ್ತದೆ. ಧ್ವನಿ ತುಂಡಾದರೆ ಮಂದಿಗೆ ಕೂಡಲೇ ತಿಳಿಯುತ್ತದೆ, ಚಿತ್ರ ಒಂದೆರಡು ಹೋದರೆ ತಿಳಿಯುವುದಿಲ್ಲ ಅನ್ನುವ ಲೆಕ್ಕ ಅದು. ಕಿವಿ ಇದ್ದವರು ಕಿವಿ ಇದ್ದವರಿಗಾಗಿ ಮಾಡಿದ ಲೆಕ್ಕ ಅಂತ ನನಗೆ ಆವಾಗಲೇ ಅನ್ನಿಸಿತು.

ಲ್ಯಾಪ್‌ಟಾಪಿನಲ್ಲಿ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡೆ. ಫೈಲನ್ನು ಟ್ಯಾಬಿಗೆ ಹೊಂದುವ ಎಂಪಿ ಫೋರ್ ಆಗಿ ಬದಲಿಸುವುದು ಅದರ ಕೆಲಸ. ಬೇಕಾದಷ್ಟು ಆಯ್ಕೆಗಳಿದ್ದವು. ನಾನು ಎಲ್ಲಕ್ಕಿಂತ ಸಣ್ಣದನ್ನು ಆರಿಸಿದೆ. ಅದರಲ್ಲಿ ಸೆಕೆಂಡಿಗೆ ಹದಿನೈದೇ ಚಿತ್ರ ಅಂತ ಬರೆದಿತ್ತು. ಅದರ ಅರ್ಥ ಏನು ಅಂತ ಯೋಚಿಸಲಿಲ್ಲ. ಒಂದು ತಾಸಿನೊಳಗೆ ಕೆಲಸ ಮುಗಿಯಿತು. ಎಲ್ಲಿಯೂ ನಿಲ್ಲದೆ ಆಡಿತು. ಗೆದ್ದೆ ಅಂತ ಮರು ಭಾನುವಾರ ಮುಧೋಳದ ಬಸ್ಸು ಹತ್ತಿ ಬೆಳಗಲಿಯಲ್ಲಿ ಇಳಿದೆ.

ಅತ್ತೆ ಕನ್ನಡಕ ಒರೆಸಿಕೊಂಡು ಕೂತಳು. ಅಡುಗೆಯವನು ಕಾಣಿಸಿಕೊಂಡ. ಆಕೆ ನಕ್ಕಳು. "ಹುಗ್ಗಿಗೆ ಬೆಲ್ಲ ಕಮ್ಮಿ ಬಿದ್ದೈತಿ ಅನ್ನಾಕತ್ತಾನ. ನೀವ್ಯಾರೂ ಹೇಳಲಿಲ್ಲ ನನಗ." ಮುಂದೆ ನಮ್ಮ ದೂರದ ಒಬ್ಬ ಚಿಗವ್ವ ಪಕ್ಕದವಳ ಕಡೆ ಬಾಗಿದಳು. ಅತ್ತೆ ಇನ್ನೂ ಜೋರಾಗಿ ನಕ್ಕು, "ಮದಿಮಗ ಕುಳ್ಳ ಅದಾನಂತ," ಅಂದಳು.

ಇಷ್ಟು ವರ್ಷ ಈ ವಿಡಿಯೋ ನೋಡಿದವರಲ್ಲಿ ಯಾರಿಗೂ ಕೇಳದ್ದು ಕಿವಿ ಕೇಳದ ಒಬ್ಬಳಿಗೆ ಕೇಳುತ್ತಿತ್ತು. ನಮ್ಮ ಪಾಲಿಗೆ ಹಾಡು, ಆಕೆಯ ಪಾಲಿಗೆ ಮಾತು.

ಆಮೇಲೆ ಆ ತುಣುಕು ಬಂತು. ಹಂದರದ ಕಂಬದ ಹತ್ತಿರ ನಮ್ಮಪ್ಪ ನಿಂತಿದ್ದಾನೆ. ಎದುರಿಗೆ ನನ್ನ ಗಂಡನ ಅಪ್ಪ, ನಮ್ಮ ಮಾವನವರು, ಅವರ ಬೆನ್ನು ಮಾತ್ರ ಕಾಣುತ್ತದೆ. ಅಪ್ಪ ಬೆರಳೆತ್ತಿ ಏನೋ ಹೇಳುತ್ತಾನೆ. ಮುಖ ಬಿಗಿದಿದೆ. ಹತ್ತು ಸೆಕೆಂಡು ಕೂಡ ಇಲ್ಲ. ನಮ್ಮ ಮನೆಯಲ್ಲಿ ಇದಕ್ಕೆ 'ಬೀಗರ ಜಗಳ' ಅಂತಲೇ ಹೆಸರು. ಏನು ಅಂದಿರಿ ಅಂತ ನಮ್ಮವ್ವ ಕೇಳಿದರೆ ಅಪ್ಪ, "ಏನಿಲ್ಲ, ಹಿಂಗ ಮಾತಾಡಿದ್ವಿ," ಅಂತ ಹಾರಿಸಿದ್ದನಂತೆ. ಸಾಯುವತನಕ ಹೇಳಲಿಲ್ಲ.

ಅತ್ತೆ ಆ ತುಣುಕನ್ನು ಎರಡು ಸಲ ನೋಡಿದಳು. ನಗು ನಿಂತಿತು.

"ಆಕಿ... ನೌಕರಿ... ಬ್ಯಾಡ ಅಂತಾನ," ಅಂದಳು.

ಮದುವೆಯಾದಾಗ ನಾನು ಬಿ.ಎಡ್ ಮುಗಿಸಿದ್ದೆ. ಆದರೂ ಮೂರು ವರ್ಷ ಮನೆಯಲ್ಲೇ ಇದ್ದೆ. ಮನೆಯಲ್ಲಿ ಯಾರೂ ನೌಕರಿಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಮೂರು ವರ್ಷ ಹೇಗೆ ಕಳೆದೆ ಅನ್ನುವುದು ನನಗೆ ಗೊತ್ತು. ಅದನ್ನು ಬಯಸಿದವನು ನಮ್ಮಪ್ಪನೇ? ನನ್ನನ್ನು ಓದಿಸಿದವನು? ಅತ್ತೆಯ ಎದುರು ಮುಖದ ಮೇಲೆ ಏನೂ ತೋರಿಸಬಾರದು ಅಂತ ಮುಖ ತಿರುಗಿಸಿದೆ. ತುಟಿ ಓದುವವಳಿಗೆ ಅದು ತಿಳಿಯದೆ ಇರುತ್ತದೆಯೇ? ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು.

"ಪೂರ್ತಿ ಕಾಣವಲ್ದ ತಂಗಿ. ತುಟಿ ಹಾರಿ ಹಾರಿ ಬರತಾವು. ನಡಕಿಂದು ಏನೋ ಹೋಗೇತಿ. ಅದೂ ಅಲ್ದ ಪ, ಬ, ಮ ಮೂರಕ್ಕೂ ತುಟಿ ಒಂದ ನಮೂನಿ ಮುಚ್ಚತಾವು. ಮಾಡ ಅಂದ್ರೂ ಅಷ್ಟ, ಬ್ಯಾಡ ಅಂದ್ರೂ ಅಷ್ಟ. ಬಾಯಿ ಹೆಂಗ ತೆರಿತಾನ ನೋಡಿ ಹೇಳಬೇಕು. ಆ ತೆರಿಯೂದ ಸಿಗವಲ್ದು."

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ನನ್ನ ಮಾತನ್ನೇ ಅಳೆದೆ. ಪಕ್ಕದವರು ಏನಂದುಕೊಂಡರೋ. ಫೋನಿನ ಗಡಿಯಾರ ಹಚ್ಚಿ ಒಂದೇ ವಾಕ್ಯವನ್ನು ಮೆಲ್ಲಗೆ ಹತ್ತು ಸಲ ಹೇಳಿದೆ. ಸೆಕೆಂಡಿಗೆ ಆರೇಳು ಅಕ್ಷರ ಬರುತ್ತಿದ್ದವು. ಸೆಕೆಂಡಿಗೆ ಹದಿನೈದು ಚಿತ್ರ ಅಂದರೆ ಅಕ್ಷರಕ್ಕೆ ಎರಡೇ ಚಿತ್ರ. ತುಟಿ ಮುಚ್ಚುವುದು ಒಂದರಲ್ಲಿ ಸಿಕ್ಕರೆ ತೆರೆಯುವುದು ಇನ್ನೊಂದರಲ್ಲಿ ಸಿಗಬೇಕು. ಸಿಗದೆಯೂ ಹೋಗಬಹುದು. ಫೈಲು ಸಣ್ಣದಾಗಲಿ ಅಂತ ನಾನು ಒತ್ತಿದ ಒಂದು ಗುಂಡಿ ಅಪ್ಪನ ಬಾಯಿಂದ ಮಾತು ಕಿತ್ತುಕೊಂಡಿತ್ತು. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು, ಅಲ್ಲಿ ಏನಿತ್ತು ಅನ್ನುವ ಕುತೂಹಲ ತಲೆ ತಿನ್ನತೊಡಗಿತು.

ಟೇಪಿನಲ್ಲಿದ್ದದ್ದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಈ ಸಲ ಒಂದನ್ನೂ ಬಿಡದೆ ಇಪ್ಪತ್ತೈದನ್ನೂ ಇಟ್ಟು ಬದಲಿಸಿದೆ. ಆಗ ಹೊಸದೊಂದು ತೊಂದರೆ. ನಿಂತವರು ನಿಚ್ಚಳವಾಗಿ ಕಾಣುತ್ತಿದ್ದರು. ಅಲುಗಿದ ಕೂಡಲೇ ಅಂಚಿಗೆಲ್ಲ ಬಾಚಣಿಕೆಯ ಹಲ್ಲಿನಂತೆ ಅಡ್ಡಡ್ಡ ಗೆರೆ ಬರುತ್ತಿದ್ದವು. ಬಳೆ ತೊಟ್ಟ ಕೈ, ಬೀಸುವ ಸೆರಗು, ಎಲ್ಲಕ್ಕಿಂತ ಮೊದಲು ಆಡುವ ತುಟಿ. ಅಪ್ಪನ ಬಾಯಿ ಇದ್ದ ಜಾಗದಲ್ಲಿ ಗೆರೆಗಳ ರಾಶಿ.

ಸ್ಟುಡಿಯೋದವರಿಗೆ ಫೋನ್ ಮಾಡಿದೆ. ಅವರಿಗೆ ಬಹಳ ಖುಷಿಯಾಯಿತು. ಇಂಥದ್ದನ್ನು ಅವರನ್ನು ಯಾರೂ ಕೇಳುವುದಿಲ್ಲವಂತೆ.

"ಅದು ಹಳೀ ಕ್ಯಾಮೆರಾದ ಗುಣಾರೀ ಅಕ್ಕೋರ. ಒಂದ ಚಿತ್ರನ ಒಮ್ಮೆಲೆ ತಗೀತಿದ್ದಿಲ್ಲ ಅದು. ಮೊದಲ ಒಂದನೇದು, ಮೂರನೇದು, ಐದನೇದು ಹಿಂಗ ಗೆರಿ ತಗೋತಿತ್ತು. ಆಮ್ಯಾಲ ಎರಡನೇದು, ನಾಕನೇದು. ಅಷ್ಟರಾಗ ಮನಷ್ಯಾ ಅಲುಗ್ಯಾಡಿರತಾನ. ಹಳೀ ಟಿವಿಯೊಳಗ ಕಾಣತಿದ್ದಿಲ್ಲ. ಟ್ಯಾಬಿನ್ಯಾಗ ಎರಡೂ ಕೂಡೇ ಬಂದು ಹಲ್ಲ ಕಾಣತಾವು."

"ಅಂದ್ರ ಒಂದ ಚಿತ್ರದಾಗ ಎರಡು ಹೊತ್ತು ಅದಾವು?"

"ಹೌದ್ರಿ. ಬಿಡಿಸಿದ್ರ ಇಪ್ಪತ್ತೈದರಾಗ ಐವತ್ತು ಹೊಂಡತಾವು."

ಫೋನ್ ಇಟ್ಟೆ. ಇಪ್ಪತ್ತು ವರ್ಷದಿಂದ ಆ ಟೇಪಿನಲ್ಲಿ ಎರಡು ಪಟ್ಟು ಕಾಲ ಮಡಚಿಕೊಂಡು ಕೂತಿತ್ತು. ಸಾಫ್ಟ್‌ವೇರಿನಲ್ಲಿ ಹುಡುಕಿದಾಗ ಗೆರೆ ಬಿಡಿಸುವ ಆಯ್ಕೆ ಸಿಕ್ಕಿತು. ಒಂದು ಚಿತ್ರಕ್ಕೆ ಒಂದೇ ಅನ್ನುವ ಬದಲು ಎರಡು ಅಂತ ಹಾಕಿದೆ. ಈ ಸಲ ಲ್ಯಾಪ್‌ಟಾಪು ಕಾದ ಹಂಚಿನಂತಾಯಿತು. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಆಡಿಸಿ ನೋಡಿದರೆ ನನಗೆ ನನ್ನ ಮದುವೆಯೇ ಹೊಸದಾಗಿ ಕಂಡಿತು. ಅಕ್ಕಿಕಾಳು ಒಂದೊಂದೂ ಗಾಳಿಯಲ್ಲಿ ಬಿಡಿಬಿಡಿಯಾಗಿ ಬೀಳುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ತೆರೆಯುವುದು ಕಾಣುತ್ತಿತ್ತು.

ಮತ್ತೆ ಬೆಳಗಲಿಗೆ ಹೋದೆ. ಅತ್ತೆ ಆ ತುಣುಕನ್ನು ಒಮ್ಮೆ ನೋಡಿದಳು. ಎರಡನೇ ಸಲ ನೋಡುವಾಗ ಅಣ್ಣನ ಜೊತೆ ತಾನೂ ತುಟಿ ಆಡಿಸಿದಳು. ಮೂರನೇ ಸಲ ದನಿ ಹಚ್ಚಿದಳು. ಕಿವಿ ಇಲ್ಲದ್ದರಿಂದ ಆಕೆಯ ದನಿ ಯಾವಾಗಲೂ ಒಂದೇ ಮಟ್ಟದಲ್ಲಿರುತ್ತದೆ. ಆ ಮಟ್ಟಸವಾದ ದನಿಯಲ್ಲಿ ಅಪ್ಪನ ಮಾತು ಬಂತು.

"ಆಕಿ ಕಲತಾಳ. ನೌಕರಿ ಮಾಡತೇನಿ ಅಂದ್ರ ಅಡ್ಡ ಬರಬ್ಯಾಡ್ರಿ."

ಆಮೇಲೆ ನನ್ನ ಕಡೆ ನೋಡಿ, "ಬ್ಯಾಡ ಅಂದದ್ದು ಖರೆ ಐತಿ. ಆದ್ರ ಅಡ್ಡ ಬರೂದು ಬ್ಯಾಡ ಅಂದಾನ," ಅಂದಳು. ನಾನು ಆಕೆಯ ಹೆಗಲಿಗೆ ತಲೆ ಇಟ್ಟೆ. ಆಕೆ ಬೆನ್ನು ತಟ್ಟಿದಳು.

ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆವತ್ತೇ ಸಂಜೆ, ನಾನು ಬಸ್ಸಿಗೆ ಹೊರಡುವ ಮೊದಲು, ಎರಡು ಮನೆ ಆಚೆಯ ಹೆಣ್ಣುಮಗಳೊಬ್ಬಳು ಫೋನ್ ಹಿಡಿದುಕೊಂಡು ಬಂದಳು. ಅತ್ತೆ ವಿಡಿಯೋದೊಳಗಿನ ಮಾತು ಹೇಳುತ್ತಾಳೆ ಅನ್ನುವ ಸುದ್ದಿ ಓಣಿಯಲ್ಲಿ ಹಬ್ಬಿತ್ತು. ಆಕೆಯ ಗಂಡ ತೀರಿಕೊಂಡು ವರ್ಷ ಆಗಿರಲಿಲ್ಲ. ಹಾಸಿಗೆ ಹಿಡಿದಿದ್ದಾಗ ಅವನು ತನ್ನ ಅಣ್ಣನ ಜೊತೆ ಮಾತಾಡುತ್ತಿದ್ದುದನ್ನು ಮನೆಯವರು ಯಾರೋ ಫೋನಿನಲ್ಲಿ ತೆಗೆದಿದ್ದರು. ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಅತ್ತೆ ಮೂರು ಸಲ ನೋಡಿದಳು. ಫೋನ್ ತಿರುಗಿ ಕೊಟ್ಟು, "ಬಾಯಿ ಸರಿ ಕಾಣವಲ್ದವ್ವಾ," ಅಂದಳು. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ಹೋದಳು.

ನಾನು ಪಕ್ಕದಲ್ಲೇ ಕೂತಿದ್ದೆ. ಹೊಸ ಫೋನಿನ ವಿಡಿಯೋ ಅದು, ಗೆರೆ ಇಲ್ಲ, ಹಾರುವುದಿಲ್ಲ. ಅವನ ಗಡ್ಡದ ಕೂದಲು ಎಣಿಸುವ ಹಾಗೆ ಕಾಣುತ್ತಿತ್ತು.

"ಅತ್ತೀ, ಛಲೋ ಕಾಣತಿತ್ತಲಾ?"

"ಕಾಣತಿತ್ತು."

"ಮತ್ತ?"

"ಅದು ಆಕಿಗೆ ಹೇಳಿದ ಮಾತಲ್ಲ," ಅಂದು ಅತ್ತೆ ಒಳಗೆ ಹೋದಳು. ಏನಿತ್ತು ಅಂತ ನನಗೂ ಹೇಳಲಿಲ್ಲ.

ಬಸ್ಸಿನಲ್ಲಿ ನನ್ನ ಸಮಾಧಾನ ಕರಗುತ್ತ ಹೋಯಿತು. ಅತ್ತೆ ಕಂಡದ್ದನ್ನೆಲ್ಲ ಹೇಳುವವಳಲ್ಲ. ಹೇಳಬಾರದ್ದನ್ನು ಮುಚ್ಚಿಡಬಲ್ಲಳು. ಹಾಗಾದರೆ ಇಲ್ಲದ್ದನ್ನು ಕಟ್ಟಿ ಹೇಳಲೂ ಬಲ್ಲಳೇ? ಮೊದಲ ಸಲ ನನ್ನ ಮುಖ ಬಾಡಿದ್ದನ್ನು ಆಕೆ ನೋಡಿದ್ದಳು. ನನಗೆ ಬೇಕಾದ ಮಾತನ್ನು ಅಣ್ಣನ ಬಾಯಿಗೆ ಹಾಕಿದಳೋ ಏನೋ. ಐವತ್ತು ಚಿತ್ರ ಅಲ್ಲ, ಐನೂರು ಮಾಡಿದರೂ ಅದನ್ನು ತಿಳಿಯುವ ಉಪಾಯ ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ.

ಉಳಿದ ದಾರಿ ಒಂದೇ. ಆ ಚಿತ್ರದಲ್ಲಿ ಬೆನ್ನು ತೋರಿಸಿ ನಿಂತಿದ್ದವರು ನಮ್ಮ ಮನೆಯಲ್ಲೇ ಇದ್ದಾರೆ. ಮಾವನವರಿಗೆ ಈಗ ಎಂಬತ್ತರ ಹತ್ತಿರ. ಮಗ್ಗಗಳನ್ನು ನನ್ನ ಗಂಡನಿಗೆ ಬಿಟ್ಟುಕೊಟ್ಟಿದ್ದಾರೆ. ಆದರೂ ದಿನಾ ಒಂದು ಸಲ ಶೆಡ್ಡಿಗೆ ಹೋಗಿ ಸೀರೆಯ ಸೆರಗು ಮುಟ್ಟಿ ನೋಡಿ ಬರುತ್ತಾರೆ. ಇಷ್ಟು ವರ್ಷ ಅವರನ್ನು ಕೇಳಬೇಕು ಅಂತ ಯಾಕೆ ಹೊಳೆಯಲಿಲ್ಲವೋ. ಹೊಳೆದಿರಬೇಕು, ಧೈರ್ಯ ಆಗಿರಲಿಲ್ಲ.

ಮರುದಿನ ಚಹಾ ಕೊಡುವಾಗ ಮಗಳ ಟ್ಯಾಬನ್ನು ಅವರ ಮುಂದೆ ಇಟ್ಟು ತುಣುಕು ಆಡಿಸಿದೆ. ಅತ್ತೆ ಹೇಳಿದ್ದನ್ನು ನಾನು ಹೇಳಲಿಲ್ಲ. "ನಮ್ಮಪ್ಪ ನಿಮಗ ಏನ್ ಅಂದಿದ್ನರೀ?" ಅಂತಷ್ಟೇ ಕೇಳಿದೆ.

ಮಾವನವರು ನೋಡಿದರು. ಮುಖದ ಮೇಲೆ ನಗು ಬಂತು. "ನನ್ನ ಬೆನ್ನು ಎಷ್ಟ ನೆಟ್ಟಗಿತ್ತ ನೋಡಬೇ ಆಗ," ಅಂದರು. ಆಮೇಲೆ ಹೇಳಿದರು. "ನೌಕರಿ ವಿಷಯಾ ಅದು. ಆಕಿ ಮಾಡತೇನಿ ಅಂದ್ರ ತಡೀಬ್ಯಾಡ್ರಿ ಅಂದ್ರು. ಮೂರು ಸಲ ಅಂದಾರ. ನಿಶ್ಚಯದಾಗ ಒಮ್ಮೆ, ನಮ್ಮ ಮನಿಗೆ ಬಂದಾಗ ಒಮ್ಮೆ. ಒಂದ ಸಲ ಕ್ಯಾಮೆರಾಕ್ಕ ಸಿಕ್ಕೈತಿ."

ಶಬ್ದ ಬೇರೆ, ಮಾತು ಅದೇ. ಬಾಯಿಗೆ ಬಂದದ್ದನ್ನು ಕೇಳಿಯೇ ಬಿಟ್ಟೆ.

"ಹಂಗಿದ್ರ ಮೂರು ವರ್ಷ ಯಾಕ ಯಾರೂ ಏನೂ ಅನಲಿಲ್ರಿ?"

ಅವರು ಚಹಾ ಬಟ್ಟಲು ಕೆಳಗಿಟ್ಟರು. "ನೀ ಕೇಳತೀ ಅಂತ ನಾ ಕುಂತಿದ್ನಿ. ಮಾಡತೇನಿ ಅಂದ್ರ ತಡೀಬ್ಯಾಡ್ರಿ ಅಂದಿದ್ರು. ನೀ ಮಾಡತೇನಿ ಅನ್ಲಿಲ್ಲಾ."

ಅದೂ ಖರೆ. ಯಾರಾದರೂ ಕೇಳುತ್ತಾರೆ ಅಂತ ನಾನು, ಕೇಳಲಿ ಅಂತ ಅವರು. ಕಡೆಗೆ ಮೂರು ವರ್ಷಕ್ಕೆ ಅರ್ಜಿಯ ಫಾರ್ಮು ತಂದು ಟೇಬಲ್ಲಿನ ಮೇಲೆ ಇಟ್ಟವರೂ ಅವರೇ. ಆಗ ನಾನು ಅದನ್ನು ಗಂಡ ಹೇಳಿ ತರಿಸಿದ್ದು ಅಂದುಕೊಂಡಿದ್ದೆ. ಶೆಡ್ಡಿನಿಂದ ಮಗ್ಗದ ಸಪ್ಪಳ ಬರುತ್ತಿತ್ತು.

"ಅವರು ಹಂಗಂದಾಗ ನೀವೇನಂದ್ರಿ?" ಅಂತ ಕೇಳಿದೆ. "ಬೆನ್ನಷ್ಟ ಕಾಣತೈತಿ, ಬೆಳಗಲಿ ಅತ್ತಿಗೂ ತಿಳೀಲಿಲ್ಲ."

ಅತ್ತೆಯ ಪ್ರಸಂಗವನ್ನೆಲ್ಲ ಆಗ ಹೇಳಿದೆ. ಮಾವನವರಿಗೆ ಬಲು ಸೋಜಿಗವಾಯಿತು. ಬೀಗತಿ ಅಷ್ಟು ದೂರದಿಂದ ಓದುತ್ತಾಳೆಯೇ, ಕನ್ನಡಕ ಹಾಕಿಯೋ ಹಾಕದೆಯೋ ಅಂತ ಹತ್ತು ಪ್ರಶ್ನೆ ಕೇಳಿದರು. ಕೊನೆಗೆ ಎದ್ದು ಟೋಪಿ ಸರಿ ಮಾಡಿಕೊಂಡು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡರು.

"ನಿನಗ್ಯಾಕ ಹೇಳ್ಲಿ? ಆಕಿಗೇ ಹೇಳತೇನಿ. ವಿಡಿಯೋ ತಗಿ. ಸಪ್ಪಳ ಬರದಂಗ ತಗಿ."

ತೆಗೆದೆ. ಅವರು ನೇರವಾಗಿ ಕ್ಯಾಮೆರಾ ನೋಡುತ್ತ, ದನಿ ಹೊರಡಿಸದೆ, ತುಟಿಯಷ್ಟೇ ಆಡಿಸಿ ಎರಡು ಮಾತು ಹೇಳಿದರು. ನಾನು ಎದುರಿಗೇ ನಿಂತಿದ್ದರೂ ನನಗೊಂದು ಅಕ್ಷರವೂ ತಿಳಿಯಲಿಲ್ಲ. ವಿಡಿಯೋವನ್ನು ಒಂದು ಚಿತ್ರವೂ ಬಿಟ್ಟುಹೋಗದ ಹಾಗೆ ಅತ್ತೆಯ ಟ್ಯಾಬಿಗೆ ಕಳಿಸಿದೆ.

ಸಂಜೆ ಅತ್ತೆಯ ಸೊಸೆ ಫೋನ್ ಮಾಡಿದಳು. ಹಿಂದಿನಿಂದ ಅತ್ತೆಯ ಮಟ್ಟಸವಾದ ದನಿ ಜೋರಾಗಿ ಕೇಳುತ್ತಿತ್ತು. "ಬೀಗರ ಮೀಸಿ ತುಟಿ ಮ್ಯಾಲ ಇಳದೈತಿ, ಒಂದ ಅಕ್ಷರ ಕಾಣವಲ್ದು. ಕತ್ತರಿಸಿಕೊಂಡು ಮತ್ತೊಮ್ಮೆ ಹೇಳಾಕ ಹೇಳು."

ಮಾವನವರಿಗೆ ತಿಳಿಸಿದೆ. ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ಮೀಸೆ ತಿರುವಿಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿ, ಯಾರಿಗೂ ಏನೂ ಹೇಳದೆ ಕಟಿಂಗ್ ಅಂಗಡಿಯ ಕಡೆ ನಡೆದರು.